ಗಾಳಿ ಸೋಕಿದ ಮನೆ

ಮನೆ ಮಾತು: ಓದುಗರ ಪ್ರಶ್ನೆಗಳಿಗೆ ನಿವೃತ್ತ ಸಿವಿಲ್ ಇಂಜಿನಿಯರ್ ಒಬ್ಬರ ಉತ್ತರ

ಸೋರುವ ತಾರಸಿ, ಗೆದ್ದಲು ಹಿಡಿದ ಬಾಗಿಲುವಾಡ, ಪಾಯ ಕುಸಿದು ಬಾಯಿಬಿಟ್ಟ ಗೋಡೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಇವೇ. ಮೂವತ್ತೊಂದು ವರ್ಷ ಸರ್ಕಾರಿ ಕಟ್ಟಡಗಳ ಸೂರು ಕಾದವಳಿಗೆ ಇವಕ್ಕೆ ಉತ್ತರ ಬರೆಯುವುದು ಕಷ್ಟವಲ್ಲ. ಈ ತಿಂಗಳು ಮಾತ್ರ ಸಂಪಾದಕರು ಎರಡು ಪತ್ರಗಳನ್ನು ಬೇರೆ ಲಕೋಟೆಯಲ್ಲಿ ಹಾಕಿ, ಮೇಲೆ ಪೆನ್ಸಿಲಿನಲ್ಲಿ "ಇವು ನಿಮ್ಮ ಇಲಾಖೆಗೆ ಸೇರುತ್ತವೆಯೇ?" ಎಂದು ಬರೆದು ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಕಳುಹಿಸಿದ್ದರು. ಎರಡರಲ್ಲೂ ದೆವ್ವದ ಮಾತು. ಮೊದಲನೆಯದು ನನ್ನ ಇಲಾಖೆಗೆ ಸೇರಿದ್ದಲ್ಲ, ಆದರೂ ಉತ್ತರ ಗೊತ್ತು. ಎರಡನೆಯದು ಬಹುಪಾಲು ನನ್ನದೇ.

ಪ್ರಶ್ನೆ: ಸರಸ್ವತಿಪುರಂನ ಪಿ.ಜಿ. ಒಂದರ ಮೂರನೆಯ ಮಹಡಿಯಲ್ಲಿದ್ದೇನೆ. ಪರೀಕ್ಷೆ ಹತ್ತಿರವಾದಾಗಿನಿಂದ ವಾರಕ್ಕೆ ಎರಡು ಸಲವಾದರೂ ಬೆಳಗಿನ ಜಾವ ಎಚ್ಚರವಾಗುತ್ತದೆ, ಆದರೆ ಕೈಕಾಲು ಆಡುವುದಿಲ್ಲ. ಕೂಗಲು ಹೋದರೆ ದನಿ ಬರುವುದಿಲ್ಲ. ಬೀರುವಿನ ಪಕ್ಕ ಯಾರೋ ನಿಂತಿರುತ್ತಾರೆ, ಆಮೇಲೆ ಬಂದು ಎದೆಯ ಮೇಲೆ ಕುಳಿತಂತಾಗುತ್ತದೆ. ಕೋಣೆಯ ಬಾಗಿಲು ದಕ್ಷಿಣಕ್ಕಿದೆ. ವಾಸ್ತು ದೋಷವೇ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ನಿನ್ನ ವಯಸ್ಸಿನ ಮೊಮ್ಮಗಳಿದ್ದಾಳೆ ನನಗೆ, ಆದ್ದರಿಂದ ಏಕವಚನ. ಬಾಗಿಲಿನ ತಪ್ಪೇನೂ ಇಲ್ಲಮ್ಮ, ಅದನ್ನು ಬಿಟ್ಟುಬಿಡು. ಇದಕ್ಕೆ ವೈದ್ಯರು ನಿದ್ರಾ ಪಾರ್ಶ್ವವಾಯು ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡ, ಲಕ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ಕನಸು ಬೀಳುವ ಹೊತ್ತಿನಲ್ಲಿ ಮೆದುಳು ಮೈಯ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಇಲ್ಲವಾದರೆ ಕನಸಿನಲ್ಲಿ ಓಡಿದವರೆಲ್ಲ ಮಂಚದಿಂದ ಬೀಳಬೇಕಾಗಿತ್ತು. ಉಸಿರಾಟಕ್ಕೆ, ಕಣ್ಣಿನ ಚಲನೆಗೆ ಮಾತ್ರ ವಿನಾಯಿತಿ. ಒಮ್ಮೊಮ್ಮೆ ಮನಸ್ಸಿಗೆ ಎಚ್ಚರವಾಗುತ್ತದೆ, ಮೈಗೆ ಆಗಿರುವುದಿಲ್ಲ. ಆಗ ಕನಸಿನ ಬಾಲ ಬೀರುವಿನ ಪಕ್ಕ ನಿಂತುಕೊಳ್ಳುತ್ತದೆ. ಕೆಲವು ಕ್ಷಣ, ಹೆಚ್ಚೆಂದರೆ ಕೆಲವು ನಿಮಿಷ, ತಾನಾಗಿ ಬಿಡುತ್ತದೆ. ಫ್ಯೂಸೆಲಿ ಎಂಬ ಚಿತ್ರಕಾರ 1781ರಲ್ಲಿ, ಮಲಗಿದ ಹೆಂಗಸಿನ ಎದೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ ಕುಳ್ಳ ಪಿಶಾಚಿಯ ಚಿತ್ರ ಬರೆದ. ಆ ಮನೆಯ ಬಾಗಿಲು ಯಾವ ದಿಕ್ಕಿಗಿತ್ತೋ ಯಾರಿಗೂ ಗೊತ್ತಿಲ್ಲ.

ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು. ಮಗ್ಗುಲಾಗಿ ಮಲಗು. ಒಂದು ದಿನ ಹತ್ತಕ್ಕೆ, ಒಂದು ದಿನ ಎರಡಕ್ಕೆ ಮಲಗುವುದನ್ನು ನಿಲ್ಲಿಸು. ಮತ್ತೆ ಬಂದರೆ ಇಡೀ ಮೈಯನ್ನು ಎಬ್ಬಿಸಲು ಒದ್ದಾಡದೆ ಕಾಲಿನ ಹೆಬ್ಬೆರಳೊಂದನ್ನು ಆಡಿಸಲು ನೋಡು. ಹಗಲಿನಲ್ಲೂ ತಡೆಯಲಾರದ ನಿದ್ದೆ ಬರುವಂತಾದರೆ ವೈದ್ಯರನ್ನು ಕಾಣು. ಪರೀಕ್ಷೆಯ ದಿಗಿಲು ಕೈಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತನಾಡುತ್ತಾರೆ.

ಪ್ರಶ್ನೆ: ಮಂಡ್ಯ ತಾಲ್ಲೂಕಿನ ಹಳ್ಳಿ ನಮ್ಮದು. ಮಾವನವರ ತಂದೆ ಕಟ್ಟಿಸಿದ ತೊಟ್ಟಿ ಮನೆ, ಮಣ್ಣಿನ ಗೋಡೆ, ಮೇಲೆ ಅಟ್ಟ ಮತ್ತು ಹೆಂಚು. ಮಾವನವರು ಎಂಟು ತಿಂಗಳು ಹಾಸಿಗೆ ಹಿಡಿದಿದ್ದು ಕಾರ್ತಿಕದಲ್ಲಿ ತೀರಿಕೊಂಡರು. ಅಂದಿನಿಂದ ಮನೆ ಮೊದಲಿನಂತಿಲ್ಲ. ರಾತ್ರಿ ಅಟ್ಟದ ಮೇಲೆ ಯಾರೋ ನಡೆದಾಡುತ್ತಾರೆ. ಆರಿಸಿದ ಬಲ್ಬು ಕತ್ತಲಲ್ಲಿ ಮಂಕಾಗಿ ಉರಿಯುತ್ತದೆ. ಅವರು ಮಲಗಿದಲ್ಲಿಂದ ನಮ್ಮನ್ನು ಕರೆಯಲೆಂದು ತಂದಿದ್ದ ರಿಮೋಟ್ ಬೆಲ್ ಈಗಲೂ ತಾನೇ ಬಾರಿಸುತ್ತದೆ. ಹೊಸ ಬಚ್ಚಲುಮನೆಗೆ ಹೋದರೆ ತಲೆ ಸುತ್ತುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಿಂದೆ ಯಾರೋ ನಿಂತ ಹಾಗಾಗುತ್ತದೆ. ಹೋದ ವಾರ ಸ್ನಾನಕ್ಕೆ ಹೋದ ಮಗಳು ಗ್ಯಾಸ್ ಗೀಸರ್ ಆರಿಸಲೂ ಆಗದೆ ಅಲ್ಲೇ ಕುಸಿದಳು. ಗಾಳಿ ಸೋಕಿದೆ ಎನ್ನುತ್ತಾರೆ ಅತ್ತೆ. ಅವರಿಗೆ ಬೆಳಗಿನ ಜಾವ ಮಾವನವರ ಕೆಮ್ಮು ಕೇಳಿಸುತ್ತದಂತೆ. ನಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಮಂತ್ರವಾದಿಯೊಬ್ಬರು ಬಂದು, ನಡುಮನೆಯಲ್ಲಿ ನಿಧಿ ಇದೆ, ಕಾಯುವ ಶಕ್ತಿ ಎದ್ದಿದೆ, ಅಗೆಯಬೇಕು, ನಲವತ್ತು ಸಾವಿರ ಆಗುತ್ತದೆ ಎಂದಿದ್ದಾರೆ. ಮನೆ ಬಿಡಬೇಕೇ? (ಹೆಸರು ಬೇಡ)

ಉತ್ತರ: ಮನೆ ಬಿಡಬೇಡಿ. ಗೀಸರ್ ಬಿಡಿ.

ನಿಮ್ಮ ಪತ್ರವನ್ನು ಪೂರ್ತಿ ಓದುವ ಮೊದಲೇ ಪತ್ರಿಕೆಯ ಕಚೇರಿಯಿಂದ ನಿಮ್ಮ ನಂಬರು ತೆಗೆದುಕೊಂಡು ಫೋನ್ ಮಾಡಿದೆನಲ್ಲ, ಅದಕ್ಕೆ ಕಾರಣ ನಿಮಗೆ ಈಗ ಗೊತ್ತಿದೆ. ಅಚ್ಚಾಗುವವರೆಗೆ ಕಾಯುವ ವಿಷಯವಾಗಿರಲಿಲ್ಲ. ಆ ಸಂಜೆಯೇ ಗೀಸರಿನ ಸಿಲಿಂಡರ್ ಬಿಚ್ಚಿಟ್ಟೆವು ಎಂದು ನೀವು ಹೇಳಿದ ಮೇಲೆ ನನಗೆ ನಿದ್ದೆ ಬಂತು. ಇಲ್ಲಿ ಮತ್ತೆ ಬರೆಯುತ್ತಿರುವುದು ಉಳಿದವರಿಗಾಗಿ, ನೀವೇ ಒಪ್ಪಿಗೆ ಕೊಟ್ಟಂತೆ.

ಗಾಳಿ ಸೋಕಿದೆ ಎಂದ ನಿಮ್ಮ ಅತ್ತೆಯವರ ಮಾತು ಅಕ್ಷರಕ್ಕೆ ಅಕ್ಷರ ನಿಜ. ಆರಡಿಗೆ ನಾಲ್ಕಡಿಯ ಬಚ್ಚಲು, ಒಳಗೇ ಗೀಸರ್, ಚಳಿಗೆಂದು ಗವಾಕ್ಷಿಗೆ ಥರ್ಮೋಕೋಲ್ ತುರುಕಿದ್ದೀರಿ. ಒಳಗಿನ ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗಲೆಂದು ಗ್ಯಾಸಿಗೆ ವಾಸನೆಯ ವಸ್ತು ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಎದೆಬಡಿತ. ಆಮೇಲೆ ಬುದ್ಧಿ ಮಂಕಾಗಿ ಕಾಲು ಸೋಲುತ್ತದೆ. ಚಿಲಕ ಕೈಯಳತೆಯಲ್ಲಿದ್ದರೂ ತೆಗೆಯಲಾಗುವುದಿಲ್ಲ. ನಿಮ್ಮ ಮಗಳು ಉಳಿದದ್ದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದೆ ಇದ್ದುದರಿಂದ.

ಇದು ಹಳೆಯ ಕಥೆಯೇ. ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ತಮ್ಮ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ಪಾಡನ್ನು ಬರೆದರು. 1912ರಲ್ಲಿ ಆ ಕುಟುಂಬ ದೊಡ್ಡದೊಂದು ಹಳೆಯ ಮನೆಗೆ ಹೋಯಿತು. ಹೆಜ್ಜೆ ಸಪ್ಪಳ ಕೇಳಿತು, ಅಪರಿಚಿತ ಆಕೃತಿಗಳು ಕಂಡವು, ಮಕ್ಕಳು ಬಿಳಿಚಿಕೊಂಡರು, ಕುಂಡದ ಗಿಡಗಳು ಬಾಡಿದವು. ಕೊನೆಗೆ ನೋಡಿದರೆ, ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು ಹೊಗೆಯನ್ನು ಕೋಣೆಗಳಿಗೆ ಬಿಡುತ್ತಿತ್ತು. ಅದನ್ನು ಸರಿಪಡಿಸಿದ ಮೇಲೆ ದೆವ್ವಗಳು ಮನೆ ಖಾಲಿ ಮಾಡಿದವು.

ಗ್ಯಾಸ್ ಗೀಸರ್ ಬೇಕೇ ಬೇಕಾದರೆ ಹೊರಗೋಡೆಗೆ, ಗಾಳಿಯಾಡುವ ಕಡೆ ಹಾಕಿಸಿ, ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತನ್ನಿ. ಗವಾಕ್ಷಿಯನ್ನು ಯಾವ ಕಾಲದಲ್ಲೂ ಮುಚ್ಚಬೇಡಿ. ನಿಮ್ಮ ಮಾವನವರ ತಂದೆ ಹಂಡೆಯೊಲೆಯ ಮೇಲೆ ಹೊಗೆಗೂಡು ಬಿಡಿಸಿದ್ದರಲ್ಲ, ಅವರು ಓದಿದ್ದು ನಾಲ್ಕನೆಯ ತರಗತಿಯಾದರೂ ಈ ಲೆಕ್ಕ ತಿಳಿದಿತ್ತು. ಯಾರಾದರೂ ಹೀಗೆ ಕುಸಿದರೆ ಬಾಗಿಲು ತೆರೆದು ಬಯಲಿಗೆ ಎತ್ತಿ ತನ್ನಿ, ತಡಮಾಡದೆ ಆಸ್ಪತ್ರೆಗೆ ಹೋಗಿ, ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವನ್ನು ಆಮ್ಲಜನಕವೆಂದೇ ಎಣಿಸಿ ಎಲ್ಲ ಸರಿಯಿದೆ ಎಂದು ತೋರಿಸಿಬಿಡಬಹುದು. ಮಗಳನ್ನು ವೈದ್ಯರಿಗೆ ತೋರಿಸಿ ಬಂದಿರೆಂದು ನಂಬಿದ್ದೇನೆ. ತಾಯತ ಕಟ್ಟಿಸಿದ್ದರೆ ಅದು ಇರಲಿ, ನನಗೇನೂ ತಕರಾರಿಲ್ಲ.

ಇನ್ನು ಉಳಿದವು. "ಅಂದಿನಿಂದ" ಎಂಬ ಪದ ನಿಮ್ಮ ಪತ್ರದಲ್ಲಿ ನಾಲ್ಕು ಸಲ ಬಂದಿತ್ತು (ಅಚ್ಚಿಗೆ ಕೊಡುವಾಗ ಸಂಪಾದಕರು ಕತ್ತರಿ ಆಡಿಸಿದ್ದಾರೆ). ಹಾಗಾದರೆ ಅಂದಿನಿಂದ ಮನೆಗೆ ಹೊಸದಾಗಿ ಬಂದದ್ದು ಏನು, ಮನೆಯಿಂದ ಹೋದದ್ದು ಏನು? ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಎಂಬ ಇಂಜಿನಿಯರ್ ಇದ್ದರು. ಅವರ ಪ್ರಯೋಗಾಲಯದಲ್ಲಿ ಎಲ್ಲರಿಗೂ ಮೈ ಜುಮ್ಮೆನ್ನುತ್ತಿತ್ತು, ಅವರಿಗಂತೂ ಕಡೆಗಣ್ಣಿನಲ್ಲಿ ಬೂದು ಬಣ್ಣದ ಆಕೃತಿಯೇ ಕಂಡಿತು. ಮರುದಿನ ಕತ್ತಿವರಸೆಯ ಅಲಗೊಂದನ್ನು ಇಕ್ಕಳಕ್ಕೆ ಸಿಕ್ಕಿಸಿಟ್ಟಿದ್ದರೆ, ಯಾರೂ ಮುಟ್ಟದೆ ಅದು ನಡುಗುತ್ತಿತ್ತು. ದೆವ್ವಕ್ಕೆ ಹೆದರಿದ್ದವರು ಅಲಗು ನಡುಗಿದ್ದು ಕಂಡು ಲೆಕ್ಕಕ್ಕೆ ಕುಳಿತರು. ಹೊಸದಾಗಿ ಹಾಕಿಸಿದ್ದ ಫ್ಯಾನೊಂದು ಸೆಕೆಂಡಿಗೆ ಸುಮಾರು 19 ಕಂಪನದ, ಕಿವಿಗೆ ಕೇಳಿಸದ ಸದ್ದು ಹುಟ್ಟಿಸುತ್ತಿತ್ತು. ಅದನ್ನು ಸರಿಪಡಿಸಿದ ಮೇಲೆ ಕಾಟ ನಿಂತಿತು. 1998ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಆಮೇಲೆ ಪರೀಕ್ಷೆ ಮಾಡಿದವರಿಗೆಲ್ಲ ಅಂಥದೇ ಫಲ ಸಿಕ್ಕಿಲ್ಲ, ಆ ಮಾತೂ ಹೇಳಬೇಕು. ಆದರೆ ಹೊಸದಾಗಿ ಬಂದದ್ದನ್ನು ಮೊದಲು ಆರಿಸಿ ನೋಡುವ ಅವರ ಕ್ರಮ ನನಗೆ ಇಷ್ಟ.

ನಿಮ್ಮ ಮನೆಯಲ್ಲಿ ಹೊಸದು ಯಾವುದು? ಮಾವನವರು ಹಿತ್ತಲಿಗೆ ನಡೆಯಲಾರರೆಂದು ಬಚ್ಚಲು ಕಟ್ಟಿಸಿದಿರಿ. ಅದೇ ವೈರಿಂಗ್‌ನವನಿಂದ ಅವರ ಕೋಣೆಗೆ ಎಲ್‌ಇಡಿ ಬಲ್ಬು ಹಾಕಿಸಿದಿರಿ. ಆತ ಸ್ವಿಚ್ಚನ್ನು ಫೇಸ್ ತಂತಿಗೆ ಕೊಡುವ ಬದಲು ನ್ಯೂಟ್ರಲ್ ತಂತಿಗೆ ಕೊಟ್ಟಿದ್ದಾನೆಂದು ನನ್ನ ಅನುಮಾನ. ಆಗ ಸ್ವಿಚ್ ಆರಿಸಿದರೂ ಹೋಲ್ಡರಿನ ತನಕ ವಿದ್ಯುತ್ ಇದ್ದೇ ಇರುತ್ತದೆ. ಎಲ್‌ಇಡಿಗೆ ಮಂಕಾಗಿ ಬೆಳಗಲು ಅತ್ಯಲ್ಪ ಸೋರಿಕೆ ಸಾಕು. ಮಂಕು ಬೆಳಕು ಏನೂ ಮಾಡುವುದಿಲ್ಲ, ಆದರೆ ಬಲ್ಬು ಬದಲಿಸಲು ಕೈ ಹಾಕಿದವರಿಗೆ ಹೊಡೆಯಬಹುದು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಹಿಡಿದು ನೋಡಲಿ. ಅರ್ಥಿಂಗ್ ಪರೀಕ್ಷಿಸಿ, ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿ ಹೋಗಲಿ. ಮಂತ್ರವಾದಿ ಕೇಳಿದ್ದರಲ್ಲಿ ಸಣ್ಣ ಪಾಲೂ ಖರ್ಚಾಗುವುದಿಲ್ಲ.

ಬೆಲ್ಲಿನ ವಿಷಯ ನೀವು ಫೋನಿನಲ್ಲಿ ಅಳುತ್ತಾ ಹೇಳಿದಿರಿ. ತಂತಿಯಿಲ್ಲದ ಬೆಲ್ಲುಗಳು ರೇಡಿಯೊ ಅಲೆಯಲ್ಲಿ ಕೆಲಸ ಮಾಡುತ್ತವೆ. ಒಂದೇ ಕಂಪನಿಯ ಬೆಲ್ ಎರಡು ಮನೆಯಲ್ಲಿದ್ದರೆ, ಅಲ್ಲಿ ಗುಂಡಿ ಒತ್ತಿದಾಗ ಇಲ್ಲಿ ಬಾರಿಸುವುದುಂಟು. ಎದುರು ಮನೆಯವರು ಸಂಕ್ರಾಂತಿಗೆ ಅಂಥದ್ದೇ ತಂದಿದ್ದಾರೆಂದಿರಿ. ಅವರ ಮಗ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾನೆ, ಕೇಳಿ ನೋಡಿ. ಇನ್ನೊಂದು ಸಾಧ್ಯತೆಯೂ ಇದೆ. ಮಾವನವರ ದಿಂಬಿನ ಬಳಿ ಇದ್ದ ಗುಂಡಿ ಈಗ ಅವರ ಪಂಚೆ, ಸ್ವೆಟರಿನ ಜೊತೆ ಟ್ರಂಕಿನಲ್ಲಿದೆ ಎಂದಿರಿ. ಬಟ್ಟೆಯ ಭಾರಕ್ಕೆ ಅದು ಒತ್ತಿಕೊಳ್ಳುತ್ತಿರಬಹುದು. ಟ್ರಂಕು ತೆರೆದು ಗುಂಡಿಯ ಬ್ಯಾಟರಿ ತೆಗೆಯಿರಿ. ಅತ್ತೆಯವರನ್ನು ಕೇಳಿಯೇ ತೆರೆಯಿರಿ.

ಅಟ್ಟದ ಸಪ್ಪಳಕ್ಕೆ ಬರುತ್ತೇನೆ. ಹಗಲು ಕಾದ ತೊಲೆಗಳು ರಾತ್ರಿ ತಣಿಯುವಾಗ ಟಕ್ಕೆನ್ನುತ್ತವೆ, ಆದರೆ ನಡೆದಾಡುವುದಿಲ್ಲ. ನಡೆದಾಡುವುದು ಮರಬೆಕ್ಕು, ಪುನುಗಿನ ಬೆಕ್ಕಿನ ಸಂಬಂಧಿ. ಬೂದು ಮೈ, ಮುಖಕ್ಕೆ ಮುಖವಾಡ ಹಾಕಿದಂಥ ಬಣ್ಣ, ಮೈಯಷ್ಟೇ ಉದ್ದದ ಬಾಲ. ಹಗಲೆಲ್ಲ ಹೆಂಚಿನ ಕೆಳಗೆ ಮಲಗಿದ್ದು ಕತ್ತಲಾದ ಮೇಲೆ ಹಣ್ಣು ಹುಡುಕಿ ಹೊರಡುತ್ತದೆ, ಬೆಳಕು ಹರಿಯುವ ಮುಂಚೆ ಮರಳುತ್ತದೆ. ಅದರ ಮೈಯಿಂದ ಕೆಲವೊಮ್ಮೆ ಬಾಸುಮತಿ ಅನ್ನ ಬೇಯುವಂಥ ಪರಿಮಳ ಬರುತ್ತದೆ. ನಡುರಾತ್ರಿ ಒಲೆ ಹಚ್ಚದ ಮನೆಯಲ್ಲಿ ಅನ್ನದ ವಾಸನೆ ಬಂದರೆ ಯಾರಿಗೆ ತಾನೇ ಎದೆ ಝಲ್ಲೆನ್ನುವುದಿಲ್ಲ? ನಮ್ಮ ಮನೆಯ ಅಟ್ಟದಲ್ಲೂ ಒಂದು ಸಂಸಾರ ಹೂಡಿತ್ತು. ನಾನು ಅಟ್ಟದ ಹಲಗೆಯ ಮೇಲೆ ಒಂದು ಸೇರು ರಂಗೋಲಿ ಪುಡಿಯನ್ನು ತೆಳ್ಳಗೆ ಹರಡಿ ಬಂದೆ. ರಾಗಿ ಹಿಟ್ಟು ಬೇಡ, ಇಲಿ ಬಂದು ಸಾಕ್ಷ್ಯ ನೆಕ್ಕಿಬಿಡುತ್ತದೆ. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಸಾಲಾಗಿ ಹೆಜ್ಜೆ, ಪ್ರತಿ ಹೆಜ್ಜೆಗೂ ಐದು ಬೆರಳು. ಮನೆಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕೇ ಮೂಡುತ್ತವೆ. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎನ್ನುತ್ತಾರಲ್ಲ, ಅದನ್ನೂ ನೋಡಿದೆ. ಮುಂದಕ್ಕೇ ಇತ್ತು. ಮೂಲೆಯಲ್ಲಿ ಬೀಜ ತುಂಬಿದ ಹಿಕ್ಕೆಯ ರಾಶಿಯೂ ಇತ್ತು.

ನಿಮ್ಮಲ್ಲಿ ಹೆಂಚಿನ ಮೇಲೆ ವಾಲಿದ ಸಪೋಟ ಮರವಿದೆ. ಪ್ರತಿ ವರ್ಷ ಅದರ ಕೊಂಬೆ ಕಡಿಸುತ್ತಿದ್ದವರು ಯಾರು ಎಂದು ಕೇಳಿದಾಗ ನೀವು ಸ್ವಲ್ಪ ಹೊತ್ತು ಸುಮ್ಮನಾದಿರಿ. ಮಾವನವರು ಹಾಸಿಗೆ ಹಿಡಿದ ಮೇಲೆ ಕೊಂಬೆ ಕಡಿಯುವವರಿಲ್ಲ, ಒಡೆದ ಹೆಂಚು ಬದಲಿಸುವವರಿಲ್ಲ. ಅವರು ಹೋದ ಮೇಲೆ ಅಟ್ಟದಲ್ಲಿ ಓಡಾಟ ಶುರುವಾಯಿತು ಎಂದು ನೀವು ಬರೆದದ್ದರಲ್ಲಿ ಸುಳ್ಳಿಲ್ಲ. ಕೊಂಬೆಯನ್ನು ಸೂರಿನಿಂದ ದೂರಕ್ಕೆ ಕಡಿಸಿ. ಮರಿಗಳಿಲ್ಲವೆಂದು ಖಚಿತ ಮಾಡಿಕೊಂಡು, ಅದು ಹೊರಗೆ ಹೋದ ರಾತ್ರಿ ಸಂದಿಗೆ ಕಬ್ಬಿಣದ ಜಾಲರಿ ಹೊಡೆಸಿ. ವಿಷ ಇಡಬೇಡಿ, ಹಿಡಿಯಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೂ ರಕ್ಷಣೆ ಕೊಟ್ಟಿದೆ. ಕೈಲಾಗದಿದ್ದರೆ ಅರಣ್ಯ ಇಲಾಖೆಯವರನ್ನು ಕರೆಯಿರಿ.

ಮಂತ್ರವಾದಿಗೆ ಎರಡೇ ಮಾತು. ಮಣ್ಣಿನ ಗೋಡೆಯ ಮನೆಯಲ್ಲಿ ನಡುಮನೆಯ ಕಂಬದ ಬುಡ ಅಗೆದರೆ ನಿಧಿ ಸಿಗುವುದಿಲ್ಲ, ಅಟ್ಟ ತಲೆಯ ಮೇಲೆ ಬರುತ್ತದೆ. ಇದು ಇಂಜಿನಿಯರ್ ಮಾತು. ಕಾನೂನಿನ ಮಾತು ಬೇರೆ. ನಿಧಿಯ ಹೆಸರಿನಲ್ಲಿ ವಾಮಾಚಾರ ನಡೆಸುವುದು, ದೆವ್ವ ಬಿಡಿಸುತ್ತೇನೆಂದು ಮನುಷ್ಯರನ್ನು ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ 2017ರ ಕಾಯ್ದೆಯಲ್ಲಿ ಅಪರಾಧ, ಅದು 2020ರಿಂದ ಜಾರಿಯಲ್ಲಿದೆ. ಮತ್ತೆ ಬಂದರೆ ಪೊಲೀಸ್ ಠಾಣೆಯ ಹೆಸರು ಎತ್ತಿ ನೋಡಿ. ಮನಸ್ಸಿನ ನೆಮ್ಮದಿಗೆ ಪೂಜೆ ಮಾಡಿಸುವುದಾದರೆ ಧಾರಾಳವಾಗಿ ಮಾಡಿಸಿ. 1990ರ ದಶಕದಲ್ಲಿ ಊರೂರಿನ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಾಗ, ಮಂಡ್ಯದಲ್ಲಿ ಕೆಲಸದಲ್ಲಿದ್ದ ನಾನೂ ನನ್ನ ಕ್ವಾರ್ಟರ್ಸ್ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಖರ್ಚಿಲ್ಲದ ಧೈರ್ಯ. ಅಗೆಯುವುದೂ ಇರಲಿಲ್ಲ, ನಲವತ್ತು ಸಾವಿರವೂ ಇರಲಿಲ್ಲ.

ಉಳಿದದ್ದು ಕೆಮ್ಮು. ಅದಕ್ಕೆ ನಾನು ಕಾರಣ ಹುಡುಕಲು ಹೋಗಲಿಲ್ಲ. ಡೆವಿ ರೀಸ್ ಎಂಬ ವೈದ್ಯರು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತನಾಡಿಸಿ 1971ರಲ್ಲಿ ಬರೆದರು. ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಇಂಥ ಅನುಭವವಾಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಹೋದವರು ಪಕ್ಕದಲ್ಲೇ ಇದ್ದಂತೆ ಅನಿಸಿತ್ತು, ಕೆಲವರಿಗೆ ದನಿ ಕೇಳಿತ್ತು. ಹೆಚ್ಚಿನವರು ಅದನ್ನು ಯಾರ ಬಳಿಯೂ ಹೇಳಿರಲಿಲ್ಲ. ಬಹುಪಾಲು ಜನಕ್ಕೆ ಅದರಿಂದ ಭಯವಲ್ಲ, ಸಮಾಧಾನ ಸಿಕ್ಕಿತ್ತು. ನಿಮ್ಮ ಅತ್ತೆಯವರು ಭಯವಾಗುತ್ತದೆ ಎಂದಿದ್ದಾರೆಯೇ? ನಿಮ್ಮ ಪತ್ರದಲ್ಲಿ ಹಾಗಿಲ್ಲ. ಹೆದರಿದವರು ನೀವು. ಅವರು ಊಟ, ನಿದ್ದೆ ಬಿಟ್ಟರೆ, ಆ ದನಿ ಏನಾದರೂ ಮಾಡು ಎಂದು ಹೇಳುತ್ತಿದೆ ಎಂದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಇಲ್ಲವಾದರೆ ನಾಲ್ಕೂವರೆಗೆ ಅವರ ಜೊತೆ ಎದ್ದು ಕಾಫಿ ಕಾಯಿಸಿ, ಮಾವನವರು ಹೇಗೆ ಕೆಮ್ಮುತ್ತಿದ್ದರು ಎಂದು ಕೇಳಿ.

ನಮ್ಮ ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು. ಸಂಜೆ ಆರೂಕಾಲಿಗೆ ಅವರು ಸೈಕಲ್ ತಳ್ಳಿಕೊಂಡು ಬಂದು ಗೇಟು ತೆಗೆದರೆ ಅಗುಳಿ ಕಿರ್ರೆನ್ನುತ್ತಿತ್ತು. ಈಗ ಪೇಪರಿನ ಹುಡುಗನೋ ಗಾಳಿಯೋ ಅದನ್ನು ಅಲುಗಿಸುತ್ತದೆ, ನಾನು ಒಲೆ ಸಣ್ಣ ಮಾಡಿ ಎದ್ದು ಬರುತ್ತೇನೆ. ಈ ಅಂಕಣದಲ್ಲಿ ಎಷ್ಟೋ ಜನಕ್ಕೆ ಕಿರುಗುಡುವ ಬಾಗಿಲಿಗೆ ಎಣ್ಣೆ ಬಿಡಿ ಎಂದು ಬರೆದಿದ್ದೇನೆ. ಆ ಅಗುಳಿಗೆ ನಾನು ಎಣ್ಣೆ ಬಿಟ್ಟಿಲ್ಲ.